ಮಾಲೀಕರ ಪರ ವಕೀಲರು ಮೊದಲು ತೆರೆಯುವ ಕಡತ

ನಮಸ್ಕಾರ. ವಜಾಗೊಂಡ ಕಾರ್ಮಿಕರೊಬ್ಬರು ಕಾರ್ಮಿಕ ನ್ಯಾಯಾಲಯದ ಮೆಟ್ಟಿಲೇರಿದಾಗ, ಆಡಳಿತ ವರ್ಗದ ಪರ ವಕೀಲರು ಮಾಡುವ ಕೆಲಸವೇನು ಎಂಬುದನ್ನು ಇಂದು ನೋಡೋಣ. 2025ರ ನವೆಂಬರ್ 21ರಂದು ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ನಾನಿಲ್ಲಿ ವಿವರಿಸುವುದು ಅಲ್ಲಿಯವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಡಿ ರೂಢಿಗೆ ಬಂದ ಕ್ರಮವನ್ನು.

ಆ ಕಾಯ್ದೆಯ 36ನೇ ಕಲಮಿನಂತೆ ಸಂಧಾನಾಧಿಕಾರಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ. ಕಾರ್ಮಿಕ ನ್ಯಾಯಾಲಯದಲ್ಲಿ ವಕಾಲತ್ತು ವಹಿಸಲು ಎದುರು ಪಕ್ಷದ ಒಪ್ಪಿಗೆಯೂ ನ್ಯಾಯಾಲಯದ ಅನುಮತಿಯೂ ಬೇಕು. ವಕೀಲರ ಶುಲ್ಕ ಭರಿಸಲಾಗದ ಕಾರ್ಮಿಕರ ದೃಷ್ಟಿಯಿಂದ ಇದು ನ್ಯಾಯವಾದ ನಿರ್ಬಂಧವೆಂದೇ ನನ್ನ ಅಭಿಪ್ರಾಯ.

(ಪರದೆಯ ಮೇಲೆ: ಆರೋಪ ಪಟ್ಟಿ, ವೇಬಿಲ್ ಎಂಬ ಟಿಕೆಟ್ ಲೆಕ್ಕದ ಹಾಳೆ, ವಿಚಾರಣಾ ನಡಾವಳಿ)

ಪ್ರಯಾಣಿಕರಿಂದ ಹಣ ಪಡೆದು ಟಿಕೆಟ್ ಕೊಡಲಿಲ್ಲವೆಂದು ಬಸ್ ನಿರ್ವಾಹಕರೊಬ್ಬರನ್ನು ವಜಾ ಮಾಡಲಾಗಿದೆ ಎಂದಿಟ್ಟುಕೊಳ್ಳೋಣ. ವಕೀಲರು ಮೊದಲು ತೆರೆಯುವುದು ಇಲಾಖಾ ವಿಚಾರಣೆಯ ಕಡತವನ್ನು. ಆರೋಪ ಪಟ್ಟಿ ತಲುಪಿದ್ದಕ್ಕೆ ಸ್ವೀಕೃತಿ ಇದೆಯೇ, ತನಿಖಾ ಸಿಬ್ಬಂದಿ ಸಾಕ್ಷಿ ನುಡಿದಾಗ ಪಾಟೀ ಸವಾಲಿಗೆ ಅವಕಾಶ ಸಿಕ್ಕಿತೇ, ಪ್ರತಿ ದಿನದ ನಡಾವಳಿಯ ಕೆಳಗೆ ನಿರ್ವಾಹಕರ ಸಹಿ ಇದೆಯೇ, ವಿಚಾರಣಾಧಿಕಾರಿಯೇ ಆರೋಪ ಹೊರಿಸುವವರಂತೆ ಪ್ರಶ್ನೆ ಕೇಳಿದ್ದಾರೆಯೇ ಎಂದು ಪುಟಪುಟವನ್ನೂ ಪರಿಶೀಲಿಸುತ್ತಾರೆ. ಪ್ರಯಾಣಿಕರನ್ನು ಸಾಕ್ಷಿಗಳಾಗಿ ಕರೆಸದಿರುವುದಷ್ಟೇ ದೋಷವಾಗದು. ಹರಿಯಾಣದ ನಿರ್ವಾಹಕರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರಲ್ಲೇ ಹಾಗೆಂದಿದೆ. ಆದರೆ ತನಿಖಾ ವರದಿ ಬರೆದವರೇ ಸಾಕ್ಷಿ ಹೇಳಲು ಬಾರದಿದ್ದರೆ ಕಡತ ಸೊರಗುತ್ತದೆ.

ನ್ಯಾಯಾಲಯವು ವಿಚಾರಣೆ ನ್ಯಾಯಸಮ್ಮತವಾಗಿತ್ತೇ ಎಂಬುದನ್ನು ಮೊದಲು ನಿರ್ಧರಿಸುತ್ತದೆ. ಅಲ್ಲವೆಂದಾದರೆ, ಆರೋಪವನ್ನು ನ್ಯಾಯಾಲಯದಲ್ಲೇ ಹೊಸದಾಗಿ ಸಾಬೀತುಪಡಿಸಲು ಆಡಳಿತ ವರ್ಗಕ್ಕೆ ಅವಕಾಶವುಂಟು. ಆದರೆ ಆ ಕೋರಿಕೆಯನ್ನು ಕಾರ್ಮಿಕರ ದೂರಿಗೆ ಉತ್ತರವಾಗಿ ಸಲ್ಲಿಸುವ ಲಿಖಿತ ಹೇಳಿಕೆಯಲ್ಲೇ ಮುಂದಿಡಬೇಕೆಂದು ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2001ರಲ್ಲಿ ತೀರ್ಪಿತ್ತಿತು. ಆ ಒಂದು ಪ್ಯಾರಾ ಬರೆಯಲು ಮರೆತರೆ ಇಡೀ ಪ್ರಕರಣವೇ ಕೈತಪ್ಪಬಹುದು.

ಆರೋಪ ಸಾಬೀತಾದರೂ, 1971ರಲ್ಲಿ ಆ ಕಾಯ್ದೆಗೆ ಸೇರಿದ 11ಎ ಕಲಮಿನಡಿ ನ್ಯಾಯಾಲಯ ಶಿಕ್ಷೆಯನ್ನು ತಗ್ಗಿಸಬಹುದು. ಹಾಗಾಗಿ ನಿರ್ವಾಹಕರ ಹಿಂದಿನ ಸೇವಾ ದಾಖಲೆಯೂ ವಾದದ ಮುಖ್ಯ ಭಾಗವಾಗುತ್ತದೆ.

ಕಕ್ಷಿದಾರರಿಗೆ ಹಿತವೆನಿಸದ ಸತ್ಯವನ್ನು ಹೇಳುವುದೇ ಈ ವೃತ್ತಿಯ ಕಠಿಣ ಭಾಗ. ವಿಚಾರಣೆ ದೋಷಪೂರಿತವಾಗಿದ್ದರೆ, ಹಿಂಬಾಕಿ ವೇತನ ಬೆಳೆಯುವ ಮುನ್ನ ರಾಜಿ ಮಾಡಿಕೊಳ್ಳಿ ಎಂದು ವಕೀಲರು ಆರಂಭದಲ್ಲೇ ಹೇಳಬೇಕು. ಮರುನೇಮಕದ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರೂ, ಕಾರ್ಮಿಕರು ಬೇರೆಲ್ಲೂ ದುಡಿಯುತ್ತಿಲ್ಲವೆಂದು ಪ್ರಮಾಣಪತ್ರ ಸಲ್ಲಿಸಿದರೆ, 17ಬಿ ಕಲಮಿನಂತೆ ಪ್ರಕರಣ ಮುಗಿಯುವವರೆಗೂ ಅವರ ಕೊನೆಯ ವೇತನವನ್ನು ತಿಂಗಳು ತಿಂಗಳು ಕೊಡುತ್ತಲೇ ಇರಬೇಕಾಗುತ್ತದೆ.