ಕೀಲಿನ ಒಳಪೊರೆ ತಿರುಗಿಬಿದ್ದಾಗ

ಕೇಳುಗರಿಗೆ ನಮಸ್ಕಾರ. ಚಿತ್ರದುರ್ಗದ ಸೀಮೆಯಲ್ಲಿ ಕೀಲು ಹಿಡಿದರೆ ಮೊದಲ ದೂರು ಕೊಳವೆಬಾವಿಯ ನೀರಿನ ಮೇಲೆ. ಫ್ಲೋರೈಡ್ ಇಲ್ಲಿನ ನಿಜವಾದ ತೊಂದರೆಯೇ, ಅಲ್ಲಗಳೆಯುವುದಿಲ್ಲ. ಆದರೆ ಎರಡೂ ಕೈಗಳ ಬೆರಳಿನ ಬುಡದ ಗೆಣ್ಣುಗಳು ಊದಿಕೊಂಡು, ಎದ್ದು ತಾಸು ಕಳೆದರೂ ಮುಷ್ಟಿ ಕಟ್ಟಲಾಗದೆ, ರೊಟ್ಟಿ ತಟ್ಟಲು ಕುಳಿತವರು ಹಿಟ್ಟು ನಾದಲಾರದೆ ಕೈಚೆಲ್ಲುತ್ತಾರೆ ಎಂದರೆ ರುಮಟಾಯ್ಡ್ ಸಂಧಿವಾತವನ್ನು ಅನುಮಾನಿಸಬೇಕು. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು.

ಮೂಳೆ ಸವೆದಿದೆ ಎನ್ನುತ್ತಾರೆ ಜನ. ಇದು ಸವೆತವಲ್ಲ. ತಕರಾರು ಇರುವುದು ಕೀಲಿನ ಒಳಪೊರೆಯಲ್ಲಿ. ಆರೋಗ್ಯವಂತರಲ್ಲಿ ಆ ಪೊರೆಯ ಮೇಲುಹಾಸು ಒಂದೆರಡು ಸಾಲು ಜೀವಕೋಶಗಳಷ್ಟೇ ತೆಳು. ಕಸ ನುಂಗುವ ಮ್ಯಾಕ್ರೊಫೇಜ್ ಜಾತಿಯವು ಕೆಲವು, ಕೀಲು ಸರಾಗವಾಗಿ ಜಾರುವಂತೆ ಲೋಳೆದ್ರವ ಒದಗಿಸುವ ಫೈಬ್ರೊಬ್ಲಾಸ್ಟ್ ಜಾತಿಯವು ಕೆಲವು. ರೋಗ ಹತ್ತಿತೆಂದರೆ ಈ ಸಾಲುಗಳು ಹತ್ತರ ಆಸುಪಾಸಿಗೆ ಏರುತ್ತವೆ, ಕೆಲವೊಮ್ಮೆ ಅದನ್ನೂ ಮೀರುತ್ತವೆ. ಅಡಿಯಲ್ಲಿ ಹೊಸ ರಕ್ತನಾಳಗಳು ಚಿಗುರುತ್ತವೆ; ರಕ್ತದಿಂದ ರೋಗನಿರೋಧಕ ಪಡೆಯ ಟಿ ಕೋಶ, ಬಿ ಕೋಶಗಳು ಬಂದು ಠಿಕಾಣಿ ಹೂಡುತ್ತವೆ. ಮ್ಯಾಕ್ರೊಫೇಜ್‌ಗಳು ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕಗಳನ್ನು ಸುರಿಸಿ ಉರಿಯೂತವನ್ನು ಕೆರಳಿಸುತ್ತವೆ.

ನನಗೆ ಬೆರಗು ಹುಟ್ಟಿಸುವುದು ಫೈಬ್ರೊಬ್ಲಾಸ್ಟ್‌ಗಳ ನಡತೆ. ಕೀಲನ್ನು ಕಾಯುತ್ತಿದ್ದ ಕೋಶವೇ ಮನೆಮುರುಕನಾಗುತ್ತದೆ. ಸಾಯಬೇಕಾದ ಹೊತ್ತಿಗೆ ಸಾಯುವುದಿಲ್ಲ. ಮೂಳೆಯ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿಯನ್ನು ಕರಗಿಸುವ ಕಿಣ್ವಗಳನ್ನು ಸ್ರವಿಸುತ್ತದೆ. ಕ್ಯಾನ್ಸರ್ ಅಲ್ಲ, ಆದರೆ ಅತಿಕ್ರಮಣದ ಚಾಳಿ ಅದರದ್ದೇ. ದಪ್ಪಗಾದ ಪೊರೆ, ಬದುವಿನ ಗರಿಕೆ ಹೊಲಕ್ಕೆ ಇಳಿದಂತೆ, ಅಂಚಿನಿಂದ ಮೃದ್ವಸ್ಥಿಯ ಮೇಲೆ ಹಬ್ಬುತ್ತದೆ. ಇದಕ್ಕೆ ಪ್ಯಾನಸ್ ಎಂದು ಹೆಸರು. ಮೂಳೆಯನ್ನು ಕೊರೆಯುವ ಆಸ್ಟಿಯೊಕ್ಲಾಸ್ಟ್ ಕೋಶಗಳೂ ಅಲ್ಲಿಯೇ ತಯಾರಾಗುತ್ತವೆ. ಹೀಗೆ ಕೊರೆದ ಗುಳಿ ಬಹುಮಟ್ಟಿಗೆ ಮತ್ತೆ ತುಂಬುವುದಿಲ್ಲ.

ಅಂಗಡಿಯಿಂದ ತಂದ ನೋವಿನ ಮಾತ್ರೆ ಬಾಧೆಯನ್ನು ತಗ್ಗಿಸುತ್ತದೆ, ಪ್ಯಾನಸ್ಸನ್ನು ತಡೆಯುವುದಿಲ್ಲ. ನೋವು ಇಳಿಯಿತೆಂದು ವರ್ಷಗಟ್ಟಲೆ ಅದರಲ್ಲೇ ಕಾಲ ತಳ್ಳುವವರನ್ನು ಕಂಡರೆ ಸಂಕಟವಾಗುತ್ತದೆ. ಊತ ಆರು ವಾರ ದಾಟುವವರೆಗೆ ಕಾಯದೆ ಕೀಲುರೋಗ ತಜ್ಞರಿಗೆ ತೋರಿಸಿ. ರೋಗವನ್ನೇ ಹತ್ತಿಕ್ಕಲು ಸಾಮಾನ್ಯವಾಗಿ ಅವರು ಮೊದಲು ಬರೆಯುವ ಔಷಧ ಮೆಥೊಟ್ರೆಕ್ಸೇಟ್. ಬಸಿರಿಯರಿಗೆ ಇದು ಸಲ್ಲದು, ಮಗು ಬೇಕೆಂದಿರುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಇದನ್ನು ನುಂಗಬೇಕಾದದ್ದು ವಾರಕ್ಕೊಮ್ಮೆ. ದಿನವೂ ನುಂಗಿದರೆ ರಕ್ತಕಣಗಳನ್ನು ತಯಾರಿಸುವ ಅಸ್ಥಿಮಜ್ಜೆ ಕುಸಿದು ಪ್ರಾಣಕ್ಕೇ ಕುತ್ತು ಬಂದೀತು. ವಾರದ ಯಾವ ದಿನ ಎಂಬುದನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಂಡೇ ಆಸ್ಪತ್ರೆಯಿಂದ ಹೊರಡಿ.