ದೊಡ್ಡ ಅರ್ಧ ಯಾರಿಗೆ?

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮನೆಯಲ್ಲಿ ಒಂದು ಒಬ್ಬಟ್ಟನ್ನು ಮಕ್ಕಳಿಬ್ಬರಿಗೆ ಹಂಚಲು ಹೊರಟರೆ ಚಿಕ್ಕವಳು ಕೈ ಚಾಚುತ್ತಾಳೆ: "ದೊಡ್ಡ ಅರ್ಧ ನಂಗೆ!" ಕೇಳಿದವರು ನಗುತ್ತಾರೆ. ನನಗೋ, ಭಿನ್ನರಾಶಿ ಕಲಿಸಲು ಅದೇ ಒಳ್ಳೆ ಹೊತ್ತು. ಎರಡೂ ಪಾಲು ಸಮ ಇದ್ದರೆ ತಾನೇ ಅರ್ಧ? ಇಲ್ಲದಿದ್ದರೆ ಅದು ಸುಮ್ನೆ ಒಂದು ಚೂರು.

ಆದರೆ ದುಂಡಗಿನ ಒಬ್ಬಟ್ಟನ್ನು ಮೂರು ಸಮಪಾಲು ಮಾಡುವುದು ದೊಡ್ಡವರಿಗೂ ಕಷ್ಟ. ಅದಕ್ಕೇ ನನಗೆ ಕಾಗದದ ಪಟ್ಟಿ ಇಷ್ಟ. ರೇಡಿಯೋ ಪಕ್ಕ ಮಗು ಕೂತಿದ್ದರೆ 24 ಸೆಂಟಿಮೀಟರ್ ಉದ್ದದ ಒಂದು ಪಟ್ಟಿ ಕತ್ತರಿಸಿ ಕೊಡಿ. 24 ಯಾಕೆ ಅಂದರೆ, ಅದು ಎರಡು, ಮೂರು, ನಾಲ್ಕು, ಆರು, ಎಂಟು, ಎಲ್ಲದಕ್ಕೂ ಸರಿಯಾಗಿ ಪಾಲಾಗುತ್ತದೆ.

ಒಂದು ಸಲ ಮಡಚಿದರೆ ಅರ್ಧ. ಇನ್ನೊಮ್ಮೆ ಮಡಚಿದರೆ ಕಾಲು. ಮೂರನೇ ಸಲ ಅರೆಕಾಲು, ಅಂದರೆ ಎಂಟನೇ ಒಂದು. ಮಡಿಕೆ ಜಾಸ್ತಿ ಆದಷ್ಟೂ ಪಾಲು ಚಿಕ್ಕದಾಯಿತು, ಅಲ್ವಾ? ನಾಲ್ಕಕ್ಕಿಂತ ಎಂಟು ದೊಡ್ಡದು, ಹಾಗಾಗಿ ಕಾಲಿಗಿಂತ ಎಂಟನೇ ಒಂದು ದೊಡ್ಡದು ಎನ್ನುವ ಮಕ್ಕಳು ತುಂಬಾ ಜನ. ಅವರ ಜೊತೆ ವಾದ ಬೇಡ. ಎರಡೂ ಚೂರು ಕೈಗೆ ಕೊಡಿ.

ಮುಕ್ಕಾಲು ಕಲಿಸುವುದಂತೂ ಕನ್ನಡದಲ್ಲಿ ಸಲೀಸು. ಮೂರು ಕಾಲು ಆ ಪದದೊಳಗೇ ಕೂತಿದೆ.

ಎಡವುವುದು ಕೂಡುವಾಗ. ಅರ್ಧಕ್ಕೆ ಕಾಲು ಕೂಡು ಅಂದರೆ ಮಗು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ ಆರನೇ ಎರಡು ಅಂತ ಬರೆಯುತ್ತದೆ. ಕೂಡಲೇ ಕೆಂಪು ಗೆರೆ ಎಳೆಯಬೇಡಿ. ಪಟ್ಟಿಯನ್ನು ಅಳೆಯಲು ಹೇಳಿ. ಅರ್ಧ ಅಂದರೆ 12 ಸೆಂಟಿಮೀಟರ್, ಕಾಲು ಅಂದರೆ 6. ಒಟ್ಟು 18. ಆರನೇ ಎರಡು ಬರೀ 8! ಕೂಡಿದ ಮೇಲೆ, ಮೊದಲು ಕೈಲಿದ್ದ ಅರ್ಧಕ್ಕಿಂತಲೂ ಕಡಿಮೆ! ಆಗ ಮಗುವಿನ ಮುಖ ನೋಡಬೇಕು. ಛೇದ, ಅಂದರೆ ಕೆಳಗಿನ ಸಂಖ್ಯೆ, ಯಾಕೆ ಸಮ ಮಾಡಬೇಕು ಅನ್ನುವ ಪ್ರಶ್ನೆ ಅದರ ಬಾಯಿಂದಲೇ ಬರುತ್ತದೆ. ಕಾಲಿನ ಚೂರುಗಳನ್ನು ಅರ್ಧದ ಮೇಲಿಟ್ಟರೆ ಎರಡು ಹಿಡಿಯುತ್ತವೆ. ಎರಡು ಕಾಲು, ಮತ್ತೊಂದು ಕಾಲು. ಮುಕ್ಕಾಲು ಆಯಿತು.

ಒಂದು ಎಚ್ಚರಿಕೆ: ಚೂರುಗಳೆಲ್ಲ ಒಂದೇ ಅಳತೆಯ ಪಟ್ಟಿಯವಾಗಿರಲಿ. ಉದ್ದ ಪಟ್ಟಿಯ ಕಾಲು, ಗಿಡ್ಡ ಪಟ್ಟಿಯ ಅರ್ಧಕ್ಕಿಂತ ದೊಡ್ಡದಿರಬಹುದು.

ಇಷ್ಟಾದ ಮೇಲೆ, ನಾಲ್ಕನೇ ಐದು ತೋರಿಸು ಅಂತ ಕೇಳಿ. ಪಟ್ಟಿಯಲ್ಲಿ ಇರುವುದೇ ನಾಲ್ಕು ಕಾಲು. ಮಗು ಸ್ವಲ್ಪ ಹೊತ್ತು ತಡಕಾಡಲಿ, ನೀವು ಬಾಯಿ ಬಿಡಬೇಡಿ. ಇನ್ನೊಂದು ಪಟ್ಟಿ ಮಾತ್ರ ಕೈಗೆಟುಕುವ ಹಾಗೆ ಇಟ್ಟಿರಿ.

ನಮಸ್ಕಾರ.