ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಒತ್ತಿ

ಕೇಳುಗರೇ, ನಮಸ್ಕಾರ. ಕಂಪ್ಯೂಟರಿನಲ್ಲಿ ಸೆಟ್ಟಿಂಗ್ ಬದಲಿಸಿ, ಏನೂ ಆಗಲಿಲ್ಲ ಎಂದು ಬೈಯುವವರಿಗಾಗಿ ಈ ಮಾತು. ಸೇವ್ ಆಗುವುದು ಬೇರೆ, ಜಾರಿಗೆ ಬರುವುದು ಬೇರೆ.

ವಾಲ್‌ಪೇಪರ್, ಸೌಂಡ್ ಇವೆಲ್ಲ ತಕ್ಷಣ ಬದಲಾಗುತ್ತವೆ. ವಿಂಡೋಸ್‌ನ ಭಾಷೆ ಬದಲಿಸಿದರೆ ಸೈನ್ ಔಟ್ ಆಗಿ ಮತ್ತೆ ಒಳಗೆ ಬರಬೇಕು. ಇನ್ನು ಕೆಲವನ್ನು ವಿಂಡೋಸ್ ಶುರುವಾಗುವಾಗ ಒಮ್ಮೆ ಮಾತ್ರ ಓದುತ್ತದೆ, ಆಮೇಲೆ ನೀವು ಎಷ್ಟು ಸಲ ಓಕೆ ಒತ್ತಿದರೂ ಆ ಕಡೆ ತಿರುಗಿಯೂ ನೋಡುವುದಿಲ್ಲ. ಅವಕ್ಕೆ ರೀಸ್ಟಾರ್ಟೇ ಆಗಬೇಕು. ರೀಸ್ಟಾರ್ಟ್ ಅಂದೆ, ಶಟ್‌ಡೌನ್ ಅನ್ನಲಿಲ್ಲ!

ಉಡುಪಿಯ ರಥಬೀದಿ ಹತ್ತಿರ ಪರಿಚಯದವರ ಜವಳಿ ಅಂಗಡಿ ಇದೆ. ಅಲ್ಲಿನ ಎರಡೂ ಕಂಪ್ಯೂಟರಿಗೆ ಒಂದೇ ಹೆಸರಿತ್ತು, ಹಾಗಾಗಿ ನೆಟ್‌ವರ್ಕ್‌ನಲ್ಲಿ ಗಲಾಟೆ, ಬಿಲ್ ಪ್ರಿಂಟ್ ಬರುತ್ತಿರಲಿಲ್ಲ. ಸರ್ವಿಸಿನ ಹುಡುಗ ಬಂದು ಒಂದರ ಹೆಸರು ಬದಲಿಸಿದ. ರೀಸ್ಟಾರ್ಟ್ ಮಾಡಿ ಎಂದು ಮೆಸೇಜ್ ಬಂತು. ಕೌಂಟರಿನಲ್ಲಿ ಗಿರಾಕಿಗಳು. ರಾತ್ರಿ ಹೇಗೂ ಬಂದ್ ಮಾಡುತ್ತೇವಲ್ಲ ಎಂದರು ಯಜಮಾನರು. ರಾತ್ರಿ ಬಂದ್ ಮಾಡಿದರು, ಬೆಳಿಗ್ಗೆ ಹಾಕಿದರು, ಹಳೇ ಹೆಸರೇ. ಮರುದಿನವೂ ಅದೇ ಕತೆ, ಆ ಹುಡುಗನಿಗೆ ದಿನಾ ಬೈಗುಳ. ಹೀಗಿರುವಾಗ ಒಂದು ಮಧ್ಯಾಹ್ನ ಜೋರು ಮಳೆ ಬಂದು ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿ ಮೊದಲೇ ಸತ್ತಿತ್ತು, ಕಂಪ್ಯೂಟರ್ ಟಪ್ ಅಂತ ಆಫ್. ಕರೆಂಟ್ ಬಂದ ಮೇಲೆ ನೋಡಿದರೆ ಹೊಸ ಹೆಸರು, ಪ್ರಿಂಟೂ ಬಂತು! "ಎಂತ ಮಾರಾಯ್ರೆ, ನಾವು ದಿನಾ ಬಂದ್ ಮಾಡಿದ್ರೆ ಆಗ್ಲಿಲ್ಲ, ಕರೆಂಟ್ ಹೋದ್ರೆ ಆಯ್ತಲ್ಲ!" ಎಂದು ಫೋನ್ ಮಾಡಿದರು.

ಕಾರಣ ಫಾಸ್ಟ್ ಸ್ಟಾರ್ಟಪ್. 2012ರಲ್ಲಿ ವಿಂಡೋಸ್ 8 ಜೊತೆ ಬಂದದ್ದು. ಶಟ್‌ಡೌನ್ ಒತ್ತಿದಾಗ ವಿಂಡೋಸ್ ತನ್ನ ಕರ್ನಲನ್ನು, ಅಂದರೆ ಒಳಗಿನ ಮುಖ್ಯ ಭಾಗವನ್ನು, ಇದ್ದ ಹಾಗೇ ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಏಳುತ್ತದೆ. ಹೊಸದಾಗಿ ಓದುವುದು ಎಲ್ಲಿಂದ ಬಂತು? ರೀಸ್ಟಾರ್ಟ್ ಒತ್ತಿದರೆ ಎಲ್ಲವನ್ನೂ ಮೊದಲಿಂದ ಶುರು ಮಾಡುತ್ತದೆ. ಅಂಗಡಿಯಲ್ಲಿ ಕರೆಂಟ್ ಹೋದಾಗ ಹೀಗೆ ಬರೆದಿಡಲು ಸಮಯವೇ ಸಿಗಲಿಲ್ಲ, ಹಾಗಾಗಿ ಅವತ್ತೂ ಮೊದಲಿಂದಲೇ ಶುರುವಾಯಿತು. ನಂಬಿಕೆ ಇಲ್ವಾ? ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿ, ಅಪ್ ಟೈಮ್ ನೋಡಿ. ನೀವು ದಿನಾ ಬಂದ್ ಮಾಡುವ ಕಂಪ್ಯೂಟರ್ ಎಷ್ಟೋ ದಿನದಿಂದ ಓಡುತ್ತಲೇ ಇದೆ ಎಂದು ಅದರಲ್ಲೇ ಬರೆದಿರುತ್ತದೆ.

ದೊಡ್ಡ ಆಫೀಸುಗಳಲ್ಲಿ ಸರ್ವರಿನಿಂದ, ಅಂದರೆ ಮುಖ್ಯ ಕಂಪ್ಯೂಟರಿನಿಂದ, ಬರುವ ಸೆಟ್ಟಿಂಗ್‌ಗಳು ಜಾರಿಗೆ ಬರಲು ಒಂದೂವರೆ, ಎರಡು ಗಂಟೆ ಹಿಡಿದರೂ ಹಿಡಿಯಿತು. ಅದನ್ನೆಲ್ಲ ಹೇಳಲು ಈಗ ಸಮಯ ಇಲ್ಲ. ಹಾಂ, ರಥಬೀದಿಯ ಕತೆ ಕೇಳಿ ಯಾರೂ ಪ್ಲಗ್ ಕಿತ್ತು ನೋಡಬೇಡಿ, ಫೈಲು ಹಾಳಾದೀತು. ಬಟನ್ ಅಲ್ಲೇ ಇದೆ, ರೀಸ್ಟಾರ್ಟ್ ಒತ್ತಿ. ನಮಸ್ಕಾರ.